ಬಸುರಿಯ ಹಲ್ಲುನೋವು, ಇಬ್ಬರು ವೈದ್ಯರು, ಒಂದು ಕಾಗದ

ಗರ್ಭಿಣಿಗೆ ಹಲ್ಲುನೋವು ಬಂದರೆ ಮೊದಲು ಯಾರ ಬಳಿಗೆ ಹೋಗಬೇಕು, ಯಾವ ಕಾಗದಗಳು ಜೊತೆಯಲ್ಲಿರಬೇಕು, ಎಕ್ಸ್‌-ರೇ ತೆಗೆಸಬಹುದೇ, ಮರಗಟ್ಟಿಸುವ ಚುಚ್ಚುಮದ್ದಿನಿಂದ ಮಗುವಿಗೆ ತೊಂದರೆಯಾದೀತೇ ಎಂಬ ಪ್ರಶ್ನೆಗಳಿಗೆ ಸಕಲೇಶಪುರದಲ್ಲಾಗಲಿ ಹಾಸನದಲ್ಲಾಗಲಿ ನನಗೆ ಒಂದೇ ಕಡೆ ಉತ್ತರ ಸಿಗಲಿಲ್ಲ. ಒಬ್ಬೊಬ್ಬರು ಒಂದೊಂದು ಹೇಳಿದರು. ಮಗುವಿಗೆ ಮೂರು ತಿಂಗಳು ತುಂಬಿ, ಹಲ್ಲಿನ ಕೆಲಸವೂ ಪೂರ್ತಿ ಮುಗಿದಿರುವ ಈಗ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಆದ್ದರಿಂದ ವೈದ್ಯಕೀಯ ವಿಷಯದಲ್ಲಿ ವೈದ್ಯರು ಹೇಳಿ ನಾನು ಖಾತರಿ ಮಾಡಿಕೊಂಡದ್ದನ್ನಷ್ಟೇ ಹೇಳುತ್ತೇನೆ. ಕಾಗದ, ಕಾಯುವಿಕೆ, ಖರ್ಚುಗಳ ವಿಷಯದಲ್ಲಿ ಸ್ವಲ್ಪ ಧಾರಾಳವಾಗಿಯೇ ಹೇಳುತ್ತೇನೆ.

ನಮ್ಮ ಮನೆ ಸಕಲೇಶಪುರದಿಂದ ಹಾನುಬಾಳಿನ ಕಡೆಗೆ ಹೋಗುವ ದಾರಿಯಲ್ಲಿದೆ. ಬಸುರು ನಿಂತದ್ದು ಗೊತ್ತಾದಾಗ ಮಳೆಗಾಲ ಜೋರಾಗಿತ್ತು. ಆಷಾಢ, ಶ್ರಾವಣ ಎರಡೂ ವಾಂತಿಯಲ್ಲಿಯೇ ಕಳೆದವು. ಬೆಳಿಗ್ಗೆ ಬ್ರಷ್ ಬಾಯಿಗಿಟ್ಟರೆ ಹೊಟ್ಟೆ ತೊಳೆಸುತ್ತಿತ್ತು, ಪೇಸ್ಟಿನ ವಾಸನೆಯಂತೂ ಆಗಿಬರುತ್ತಲೇ ಇರಲಿಲ್ಲ. ಹೊಟ್ಟೆ ಖಾಲಿ ಬಿಟ್ಟರೆ ಸಂಕಟ ಹೆಚ್ಚುತ್ತದೆಂದು ಗಂಟೆಗೊಮ್ಮೆ ಬಿಸ್ಕತ್ತು ತಿನ್ನುವುದು, ಬಾಯಿ ಕೆಟ್ಟಾಗ ಉಪ್ಪುಖಾರ ಹಚ್ಚಿದ ಅಮಟೆಕಾಯಿ, ಹುಣಸೆಹಣ್ಣು ಚೀಪುವುದು ನಡೆದೇ ಇತ್ತು. ಮೂರನೇ ತಿಂಗಳಿನ ಹೊತ್ತಿಗೆ ಹಲ್ಲುಜ್ಜಿ ಉಗುಳಿದಾಗಲೆಲ್ಲ ರಕ್ತ ಕಾಣಿಸತೊಡಗಿತು. ನಮ್ಮ ಅತ್ತೆಯವರಿಗೆ ಅದು ಹೊಸ ಸಂಗತಿಯೇ ಆಗಿರಲಿಲ್ಲ. "ಮಗು ಸುಣ್ಣ ಎಳ್ಕೊಳ್ತದೆ ಕಣಮ್ಮ, ಹಲ್ಲು ಸಡ್ಲ ಆಗೋದು ಇದ್ದದ್ದೇ, ಬಿಸಿನೀರಿಗೆ ಉಪ್ಪು ಹಾಕ್ಕೊಂಡು ಮುಕ್ಕಳಿಸು" ಎಂದರು. ಉಪ್ಪುನೀರಿನ ಮಾತು ಸರಿಯಾಗಿತ್ತು. ಸುಣ್ಣದ ಮಾತು ಮಾತ್ರ ಸರಿಯಲ್ಲವೆಂದು ಮುಂದೆ ದಂತವೈದ್ಯೆ ವಿವರಿಸಿದರು. ಮಗುವಿಗೆ ಬೇಕಾದ ಕ್ಯಾಲ್ಸಿಯಂ ತಾಯಿಯ ಊಟದಿಂದ ಬರುತ್ತದೆ, ಅಲ್ಲಿ ಸಾಲದಿದ್ದರೆ ಮೂಳೆಗಳಿಂದ ಬರುತ್ತದೆ, ಆದರೆ ಹಲ್ಲಿನಿಂದ ಅದು ಕರಗಿ ಹೋಗುವುದಿಲ್ಲ. ಬಸುರಿನಲ್ಲಿ ಪ್ರೊಜೆಸ್ಟರಾನ್ ಮತ್ತು ಈಸ್ಟ್ರೊಜೆನ್ ಎಂಬ ಹಾರ್ಮೋನುಗಳು ಏರುವುದರಿಂದ ವಸಡಿಗೆ ರಕ್ತದ ಓಟ ಹೆಚ್ಚುತ್ತದೆ. ಹಲ್ಲಿನ ಬುಡದಲ್ಲಿ ಕಟ್ಟಿಕೊಂಡ ಸ್ವಲ್ಪವೇ ಕೊಳೆಗೂ ವಸಡು ಊದಿಕೊಂಡು ರಕ್ತ ಒಸರುತ್ತದೆ. ರಕ್ತ ಬರುತ್ತದೆಂದು ಉಜ್ಜುವುದನ್ನು ಬಿಟ್ಟರೆ ಕೊಳೆ ಹೆಚ್ಚಿ ರಕ್ತವೂ ಹೆಚ್ಚುತ್ತದೆ.

ವಾಂತಿಯಿಂದ ಬಳಲುತ್ತಿರುವವರಿಗೆ ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ವಾಂತಿಯಾದ ತಕ್ಷಣ ಬಾಯಿಯ ಕಹಿ ಹೋಗಲೆಂದು ಹಲ್ಲುಜ್ಜಬೇಕೆನ್ನಿಸುತ್ತದೆ. ಆದರೆ ಹೊಟ್ಟೆಯ ಆಮ್ಲದಿಂದ ಹಲ್ಲಿನ ಹೊರಪದರ ಆ ಹೊತ್ತಿನಲ್ಲಿ ಮೆದುವಾಗಿರುತ್ತದೆ, ಬ್ರಷ್ಷಿನ ಉಜ್ಜಾಟಕ್ಕೆ ಅದು ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಿಕ್ಕ ಚಮಚ ಅಡಿಗೆ ಸೋಡ ಕದಡಿ ಮುಕ್ಕಳಿಸಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಉಜ್ಜುವುದು ಸರಿಯಾದ ಕ್ರಮ. ವಾಕರಿಕೆ ಇರುವವರಿಗೆ ಮಕ್ಕಳ ಚಿಕ್ಕ ತಲೆಯ ಬ್ರಷ್ ಹೆಚ್ಚು ಅನುಕೂಲ.

ಗೌರಿ ಹಬ್ಬ ಕಳೆದ ಮೇಲೆ ನಿಜವಾದ ನೋವು ಶುರುವಾಯಿತು. ಕೆಳಗಿನ ಎಡಗಡೆಯ ದವಡೆ ಹಲ್ಲಿಗೆ ಕಾಲೇಜಿನ ದಿನಗಳಲ್ಲಿ ಸಿಮೆಂಟ್ ತುಂಬಿಸಿದ್ದೆ, ಅದರ ಅಂಚು ಬಿಟ್ಟುಕೊಂಡಿತ್ತು. ಮೊದಲು ಬಿಸಿ ಕಾಫಿಗೆ ಜುಮ್ಮೆನ್ನುತ್ತಿದ್ದದ್ದು, ಕೆಲವೇ ದಿನಗಳಲ್ಲಿ ರಾತ್ರಿ ಮಲಗಿದರೆ ಕಿವಿಯವರೆಗೆ ಎಳೆಯುವಂತಾಯಿತು. ಕಾಫಿ ಸೀಮೆಯಲ್ಲಿ ಕಾಫಿ ಬಿಟ್ಟು ಕೂರುವುದಕ್ಕಿಂತ ನಿದ್ದೆಯಿಲ್ಲದೆ ಕೂರುವುದೇ ಹೆಚ್ಚು ಕಷ್ಟವಾಗಿತ್ತು. ಲವಂಗ ಕಚ್ಚಿಕೊಂಡರೆ ಒಂದಷ್ಟು ಹೊತ್ತು ಕಳೆಯುತ್ತಿತ್ತು, ಅಷ್ಟೇ.

ನನ್ನ ಯಜಮಾನರು ಪೇಟೆಯ ಔಷಧಿ ಅಂಗಡಿಯಲ್ಲಿ ಹಲ್ಲುನೋವಿಗೆ ಮಾತ್ರೆ ಕೇಳಿದರು. ಅಂಗಡಿಯವರು ಯಾರಿಗೆ, ಏನು ಎಂದು ಕೇಳದೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆಯ ಹಾಳೆ ಕೊಟ್ಟರು. ಅದೇ ಸಂಜೆ ತಾಯಿ ಕಾರ್ಡ್ ನೋಡಲು ಬಂದಿದ್ದ ನಮ್ಮೂರಿನ ಆಶಾ ಕಾರ್ಯಕರ್ತೆ ಹಾಳೆಯ ಹಿಂಬದಿ ಓದಿ, "ಇದನ್ನ ನುಂಗ್ಬೇಡಿ ಅಕ್ಕ, ಬರೀ ಪ್ಯಾರಾಸಿಟಮಾಲ್ ಇದ್ರೆ ಸಾಕು, ಅದನ್ನೂ ಡಾಕ್ಟ್ರನ್ನ ಕೇಳಿ ತಗೊಳ್ಳಿ" ಎಂದು ತಡೆದರು. ಅವರಿಗೆ ನಾನು ಋಣಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಮಾತ್ರೆಗಳು ಬಸುರಿನಲ್ಲಿ ಬೇಡವೆಂದೇ ವೈದ್ಯರು ಹೇಳುತ್ತಾರೆ. 20 ವಾರ ದಾಟಿದ ಮೇಲೆ ಅವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರನ್ನು ಕಡಿಮೆ ಮಾಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ. ಹಾಗೆಯೇ ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್ ಜಾತಿಯ ಆ್ಯಂಟಿಬಯೋಟಿಕ್‌ಗಳು ಹುಟ್ಟುವ ಮಗುವಿನ ಹಲ್ಲಿಗೆ ಕಲೆ ಹಿಡಿಸಬಹುದು. ಯಾರೇ ಔಷಧ ತರಲು ಅಂಗಡಿಗೆ ಹೋದರೂ "ಗರ್ಭಿಣಿಗೆ" ಎಂಬ ಮಾತನ್ನು ಮೊದಲು ಹೇಳಲಿ.

ಮೊದಲು ಹೋದದ್ದು ಹತ್ತಿರದ ಪೇಟೆಯ ಹಲ್ಲಿನ ದವಾಖಾನೆಗೆ. ಸಂಜೆಯವರೆಗೆ ಕಾದು ಒಳಗೆ ಹೋದಾಗ, ನಾಲ್ಕನೇ ತಿಂಗಳೆಂದು ಹೇಳಿದ ಕೂಡಲೇ ವೈದ್ಯರು ಕನ್ನಡಿಯ ಕಡ್ಡಿಯನ್ನು ಕೆಳಗಿಟ್ಟರು. "ಡೆಲಿವರಿ ಆದ್ಮೇಲೆ ಬನ್ನಿ ಮೇಡಂ, ಈಗ ಏನೂ ಮುಟ್ಟೋ ಹಾಗಿಲ್ಲ" ಎಂದು ಅಮಾಕ್ಸಿಸಿಲಿನ್ ಮತ್ತು ಪ್ಯಾರಾಸಿಟಮಾಲ್ ಬರೆದುಕೊಟ್ಟರು. ಶುಲ್ಕ ರೂ. 200. ಹೆರಿಗೆಗೆ ಇನ್ನೂ ಐದಾರು ತಿಂಗಳಿತ್ತು. ಮಾತ್ರೆ ಮುಗಿಯುವಷ್ಟರಲ್ಲಿ ನೋವು ಇಳಿದು, ಮತ್ತೆ ಕೆಲವು ದಿನಗಳಲ್ಲಿ ಮೊದಲಿಗಿಂತ ಜೋರಾಗಿ ಬಂತು. ಹಲ್ಲಿನೊಳಗಿನ ತಿರುಳು ಸತ್ತು ಕೊಳೆಯತೊಡಗಿದರೆ ಅಲ್ಲಿಗೆ ರಕ್ತದ ಮೂಲಕ ಔಷಧ ತಲುಪುವ ದಾರಿಯೇ ಇರುವುದಿಲ್ಲ. ಮಾತ್ರೆಗಳು ಸುತ್ತಲಿನ ಸೋಂಕನ್ನು ಒಂದಿಷ್ಟು ದಿನ ಅದುಮಿಡುತ್ತವೆಯೇ ಹೊರತು ಮೂಲವನ್ನು ತೆಗೆಯುವುದಿಲ್ಲ. ಹೆರಿಗೆಯವರೆಗೆ ಕಾಯಿರಿ ಎಂಬ ಸಲಹೆ ಎಚ್ಚರಿಕೆಯದ್ದೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಎಚ್ಚರಿಕೆಯಲ್ಲ, ಜವಾಬ್ದಾರಿಯನ್ನು ಮುಂದಕ್ಕೆ ತಳ್ಳುವ ಬಗೆ. ಊಟ ಮಾಡಲಾಗದ, ನಿದ್ದೆಯಿಲ್ಲದ, ಸೋಂಕು ಹೊತ್ತ ಬಸುರಿಯನ್ನು ಸುಮ್ಮನೆ ಮನೆಗೆ ಕಳಿಸುವುದು ಮಗುವಿಗೆ ಹೇಗೆ ಸುರಕ್ಷಿತವಾದೀತು?

ನನ್ನ ತಿಂಗಳ ತಪಾಸಣೆ ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಡೆಯುತ್ತಿದ್ದರಿಂದ ಹಲ್ಲಿಗೂ ಹಾಸನಕ್ಕೇ ಹೋಗುವುದೆಂದು ತೀರ್ಮಾನಿಸಿದೆವು. ಸಕಲೇಶಪುರದಿಂದ ಬಾಳ್ಳುಪೇಟೆಯ ಮೇಲೆ ಹಾಸನಕ್ಕೆ ಸುಮಾರು 40 ಕಿಲೋಮೀಟರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಖರ್ಚಿಲ್ಲ, ಕರ್ನಾಟಕದ ವಿಳಾಸವಿರುವ ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಸೀಟು ಸಿಗುವುದು ಬೇರೆ ಮಾತು. ಮಂಗಳೂರು ಕಡೆಯಿಂದ ಬರುವ ಬಸ್ಸುಗಳು ಸಕಲೇಶಪುರಕ್ಕೆ ಬರುವಷ್ಟರಲ್ಲಿಯೇ ತುಂಬಿರುತ್ತವೆ; ಸಕಲೇಶಪುರದಿಂದಲೇ ಹೊರಡುವ ಬಸ್ಸಿಗೆ ಕಾಯುವುದು ಬಸುರಿಯರಿಗೆ ಒಳ್ಳೆಯದು.

ಹಾಸನದ ದಂತವೈದ್ಯೆ ನನ್ನನ್ನು ವಾಪಸ್ ಕಳಿಸಲಿಲ್ಲ. ತಾಯಿ ಕಾರ್ಡ್, ರಕ್ತಪರೀಕ್ಷೆಯ ವರದಿ, ಸ್ಕ್ಯಾನಿಂಗ್ ವರದಿ ಎಲ್ಲವನ್ನೂ ನೋಡಿ, ಎಷ್ಟು ವಾರವೆಂದು ಲೆಕ್ಕ ಹಾಕಿ, ಆಮೇಲೆ ಬಾಯಿ ನೋಡಿದರು. ತುರ್ತು ಚಿಕಿತ್ಸೆಯನ್ನು ಯಾವ ತಿಂಗಳಿನಲ್ಲಾದರೂ ಮಾಡಬಹುದು, ಸ್ವಲ್ಪ ತಡೆಯಬಹುದಾದ ಕೆಲಸಕ್ಕೆ 14ನೇ ವಾರದ ನಂತರದ ನಡುವಿನ ಮೂರು ತಿಂಗಳು ಅತ್ಯಂತ ಅನುಕೂಲ ಎಂದರು. ಆ ಹೊತ್ತಿಗೆ ವಾಂತಿ ನಿಂತಿರುತ್ತದೆ, ಮಗುವಿನ ಅಂಗಾಂಗಗಳು ರೂಪುಗೊಂಡಿರುತ್ತವೆ, ಹೊಟ್ಟೆಯೂ ಕುರ್ಚಿಯಲ್ಲಿ ಒರಗಲು ಆಗದಷ್ಟು ದೊಡ್ಡದಾಗಿರುವುದಿಲ್ಲ. ಹೊಟ್ಟೆ ಮತ್ತು ಕುತ್ತಿಗೆಗೆ ಹೊದಿಕೆ ಹಾಕಿ ತೆಗೆಯುವ ಹಲ್ಲಿನ ಎಕ್ಸ್‌-ರೇ, ಮರಗಟ್ಟಿಸುವ ಚುಚ್ಚುಮದ್ದು, ರೂಟ್ ಕೆನಾಲ್, ಹಲ್ಲು ಕೀಳುವುದು, ಇವುಗಳಿಗಾಗಿ ಹೆರಿಗೆಯವರೆಗೆ ಕಾಯಬೇಕಾಗಿಲ್ಲವೆಂದು ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘಟನೆ 2013ರಲ್ಲಿಯೇ ತನ್ನ ಅಭಿಪ್ರಾಯ ಪತ್ರದಲ್ಲಿ ಹೇಳಿದೆ ಎಂಬುದನ್ನು ಅವರಿಂದಲೇ ಕೇಳಿದೆ. ಎಲ್ಲ ಹೇಳಿ, ಕೊನೆಗೆ, "ಆದ್ರೂ ನಿಮ್ಮ ಹೆರಿಗೆ ಡಾಕ್ಟರ್ ಹತ್ರ ಒಂದು ಲೆಟರ್ ತಗೊಂಡು ಬನ್ನಿಮ್ಮ" ಎಂದರು.

ಈ ಕಾಗದಕ್ಕಾಗಿ ನಾನು ಪಟ್ಟ ಪಾಡನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಲ್ಲಿನ ಚಿಕಿತ್ಸೆಗಿಂತ ಹೆಚ್ಚು ದಿನ ನುಂಗಿದ್ದು ಇದೇ. ಪ್ರಸೂತಿ ತಜ್ಞೆಯ ಆಸ್ಪತ್ರೆಯಲ್ಲಿ ಬೆಳಿಗ್ಗೆ ಟೋಕನ್ ಪಡೆದು ಮಧ್ಯಾಹ್ನದವರೆಗೆ ಕುಳಿತೆ. ನೋವಿನ ದವಡೆಗೆ ಕೈಯೊತ್ತಿಕೊಂಡು, ಬೆನ್ನು ಒರಗಿಸಲಾಗದ ಕಬ್ಬಿಣದ ಕುರ್ಚಿಯಲ್ಲಿ ಕುಳಿತಿರುವಾಗ, ಇಷ್ಟು ಹೊತ್ತಿನಲ್ಲಿ ಹಲ್ಲೇ ಕಿತ್ತು ಮುಗಿಯುತ್ತಿತ್ತಲ್ಲ ಎಂದು ಅನ್ನಿಸಿದ್ದು ಸುಳ್ಳಲ್ಲ. ಒಳಗೆ ಹೋದಾಗ ಅವರು, "ಹಲ್ಲಿನ ಡಾಕ್ಟ್ರು ಏನ್ ಹೇಳ್ತಾರೋ ಹಾಗೆ ಮಾಡ್ಸಿ, ನಂದೇನು ಅಭ್ಯಂತರ ಇಲ್ಲ" ಎಂದು ಚೀಟಿಯ ಮೇಲೆ ಒಂದೇ ಸಾಲು ಬರೆದರು. ದಂತ ಚಿಕಿತ್ಸೆ ಮಾಡಿಸಿಕೊಳ್ಳಬಹುದು, ಸಹಿ, ಮುದ್ರೆ. ಅದನ್ನು ಹಿಡಿದು ದಂತವೈದ್ಯೆಯ ಬಳಿ ಹೋದರೆ, ಇದು ಸಾಲದು ಎಂದರು. ಅಡ್ರಿನಲಿನ್ ಬೆರೆತ ಮರಗಟ್ಟಿಸುವ ಮದ್ದು ಕೊಡಬಹುದೇ, ರಕ್ತದೊತ್ತಡ ಹೇಗಿದೆ, ಯಾವ ಮಾತ್ರೆಗಳು ನಡೆಯುತ್ತಿವೆ, ಯಾವುದರ ಅಲರ್ಜಿ ಇದೆ, ಒಂದೂ ಅದರಲ್ಲಿರಲಿಲ್ಲ. ಮತ್ತೆ ಬರೆಸಿಕೊಳ್ಳಲು ಹೋಗುವಷ್ಟರಲ್ಲಿ ದಸರಾ ರಜೆ ಬಂದು ಪ್ರಸೂತಿ ತಜ್ಞೆ ಊರಿನಲ್ಲಿರಲಿಲ್ಲ. ಇವರು ಅವರತ್ತ, ಅವರು ಇವರತ್ತ ಬೊಟ್ಟು ಮಾಡುತ್ತಿರುವಾಗ ನನ್ನ ಅನುಕೂಲದ ಮೂರು ತಿಂಗಳಲ್ಲಿ ಒಂದು ತಿಂಗಳು ಕರಗಿಹೋಗಿತ್ತು. ಕೊನೆಗೆ ದಂತವೈದ್ಯೆ ತಾವೇ ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದು, ಪಕ್ಕದಲ್ಲಿ ಉತ್ತರಕ್ಕೆ ಜಾಗ ಬಿಟ್ಟು ಕೊಟ್ಟರು. ಹಬ್ಬ ಮುಗಿದ ಮೇಲೆ ಪ್ರಸೂತಿ ತಜ್ಞೆ ಅದನ್ನು ಎರಡೇ ನಿಮಿಷದಲ್ಲಿ ತುಂಬಿ ಸಹಿ ಮಾಡಿದರು.

ಆ ಹಾಳೆಯಲ್ಲಿ ಇದ್ದದ್ದನ್ನು ಇಲ್ಲಿ ಹೇಳುತ್ತೇನೆ, ನೀವು ಮೊದಲ ಸಲವೇ ಇದನ್ನು ಬರೆದುಕೊಂಡು ಹೋದರೆ ಓಡಾಟ ತಪ್ಪುತ್ತದೆ. ಎಷ್ಟನೇ ವಾರ, ಹೆರಿಗೆಯ ಅಂದಾಜು ದಿನಾಂಕ, ಇತ್ತೀಚಿನ ರಕ್ತದೊತ್ತಡ, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆಯ ಫಲಿತಾಂಶ, ಥೈರಾಯ್ಡ್ ಅಥವಾ ಹೃದಯದ ತೊಂದರೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆಯೇ, ಹಿಂದೆ ಗರ್ಭ ನಿಲ್ಲದೆ ಹೋಗಿತ್ತೇ, ಈಗ ರಕ್ತಸ್ರಾವ ಆಗಿತ್ತೇ, ಅಡ್ರಿನಲಿನ್ ಸಹಿತ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಮದ್ದು ಕೊಡಬಹುದೇ, ಹೊದಿಕೆ ಹಾಕಿ ಎಕ್ಸ್‌-ರೇ ತೆಗೆಯಬಹುದೇ, ಯಾವ ಆ್ಯಂಟಿಬಯೋಟಿಕ್ ಮತ್ತು ಯಾವ ನೋವಿನ ಮಾತ್ರೆ ಕೊಡಬಹುದು. ಕೆಳಗೆ ಸಹಿ, ನೋಂದಣಿ ಸಂಖ್ಯೆ, ದೂರವಾಣಿ ಸಂಖ್ಯೆ. ಬೇರೆ ಕಾಯಿಲೆಯಿಲ್ಲದ ಸಾಮಾನ್ಯ ಬಸುರಿಗೆ ಇಂಥ ಪತ್ರ ಕಡ್ಡಾಯವೇನಲ್ಲ ಎಂದು ಆಮೇಲೆ ಇಬ್ಬರು ವೈದ್ಯರೂ ಹೇಳಿದರು. ಕಡ್ಡಾಯವಲ್ಲದ ಆ ಕಾಗದವಿಲ್ಲದೆ ಯಾರೂ ಹಲ್ಲಿಗೆ ಕೈ ಹಚ್ಚುವುದಿಲ್ಲ ಎಂಬುದು ನಮ್ಮ ಕಡೆಯ ವಾಸ್ತವ. ಖಾಸಗಿ ವೈದ್ಯರಲ್ಲಿ ತೋರಿಸಿಕೊಳ್ಳದವರು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ತಪಾಸಣೆಯಲ್ಲಿ ಈ ಹಾಳೆಯನ್ನು ತುಂಬಿಸಿಕೊಡುವಂತೆ ಕೇಳಬಹುದು. ಅಂದು ಜನ ಹೆಚ್ಚಿರುತ್ತಾರೆ, ಬೇಗ ಹೋಗಬೇಕು.

ಖರ್ಚು ಕಡಿಮೆಯಾಗಬೇಕೆನ್ನುವವರಿಗೆ ಹಾಸನದಲ್ಲಿ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಯಾವುದೇ ದಂತ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಕೆಲಸ ಮಾಡುವುದರಿಂದ ಶುಲ್ಕ ಕಡಿಮೆ, ಸಮಯ ಹೆಚ್ಚು. ಬಹಳ ಹೊತ್ತು ಒರಗಿರಲು ನನಗೆ ಆಗುತ್ತಿರಲಿಲ್ಲವಾದ್ದರಿಂದ ನಾನು ದವಾಖಾನೆಯಲ್ಲಿಯೇ ಮುಂದುವರಿದೆ.

ಎಕ್ಸ್‌-ರೇ ತೆಗೆಯುವ ಮುನ್ನ ಒಂದು ಒಪ್ಪಿಗೆ ಪತ್ರಕ್ಕೆ ನಾನೂ ಯಜಮಾನರೂ ಸಹಿ ಹಾಕಿದೆವು. ಭಾರವಾದ ಸೀಸದ ಹೊದಿಕೆಯನ್ನು ಕುತ್ತಿಗೆಯಿಂದ ತೊಡೆಯವರೆಗೆ ಹೊದಿಸಿದರು. ಒಂದೇ ಹಲ್ಲಿನ ಡಿಜಿಟಲ್ ಚಿತ್ರವಾದ್ದರಿಂದ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಕಿರಣ ಬೀಳುವುದು ದವಡೆಯ ಮೇಲೆ, ಹೊಟ್ಟೆಯ ಕಡೆಗೆ ಅಲ್ಲ. ಅಲ್ಲಿಗೆ ತಲುಪುವ ಪ್ರಮಾಣ ತೀರಾ ನಗಣ್ಯ ಎಂದು ತಂತ್ರಜ್ಞರು ಹೇಳಿದರು. ತಲೆಗೆ ಅದು ಅರ್ಥವಾಗಿತ್ತು, ಮನಸ್ಸಿಗೆ ಆಗಿರಲಿಲ್ಲ. ಅಂದು ರಾತ್ರಿ ನಿದ್ದೆ ಬಾರದೆ, ಅತ್ತೆಯವರಿಗೆ ಹೇಳದೆ ಮಾಡಿಸಿಕೊಂಡು ಬಂದದ್ದು ಸರಿಯೋ ತಪ್ಪೋ ಎಂದು ಹೊರಳಾಡಿದೆ.

ತಿರುಳಿಗೆ ಸೋಂಕು ತಗುಲಿತ್ತು. ಕೀಳಿಸಬಹುದು ಅಥವಾ ರೂಟ್ ಕೆನಾಲ್ ಮಾಡಿಸಿ ಉಳಿಸಿಕೊಳ್ಳಬಹುದು ಎಂದಾಗ, ಬುಡ ಗಟ್ಟಿಯಿದೆಯೆಂಬ ಕಾರಣಕ್ಕೆ ಉಳಿಸಿಕೊಳ್ಳಲು ನಿರ್ಧರಿಸಿದೆ. ಚಿಕಿತ್ಸೆಯ ದಿನ ಹೊಟ್ಟೆ ತುಂಬ ತಿಂದೇ ಬರಬೇಕೆಂದು ಹೇಳಿದ್ದರು. ಶಸ್ತ್ರಚಿಕಿತ್ಸೆಗೆ ಹೋಗುವವರಂತೆ ಉಪವಾಸ ಹೋಗಬೇಡಿ. ಮೊದಲು ರಕ್ತದೊತ್ತಡ ನೋಡಿದರು. ಕುರ್ಚಿಯನ್ನು ಪೂರ್ತಿ ಮಲಗಿಸದೆ ಅರ್ಧಕ್ಕೆ ಒರಗಿಸಿ, ಬಲಗಡೆಯ ಸೊಂಟದ ಕೆಳಗೆ ಮಡಿಸಿದ ಟವೆಲ್ ಇಟ್ಟು ನನ್ನನ್ನು ಸ್ವಲ್ಪ ಎಡಕ್ಕೆ ವಾಲಿಸಿದರು. ನೇರ ಅಂಗಾತ ಮಲಗಿದರೆ ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳದ ಮೇಲೆ ಬಿದ್ದು ತಲೆ ಸುತ್ತಬಹುದು. ನಿಮ್ಮ ವೈದ್ಯರು ಮರೆತರೆ ನೀವೇ ಟವೆಲ್ ಕೇಳಿ.

ಚುಚ್ಚುಮದ್ದು ಕೊಟ್ಟಾಗ ಎದೆ ಒಂದು ನಿಮಿಷ ಡವಗುಟ್ಟಿತು. ಮದ್ದು ಬೇಗ ಹರಡದಿರಲೆಂದು ಅದರಲ್ಲಿ ಅತ್ಯಲ್ಪ ಅಡ್ರಿನಲಿನ್ ಇರುತ್ತದೆ, ಅದರಿಂದ ಹೀಗಾಗಬಹುದೆಂದು ಮುಂಚೆಯೇ ಹೇಳಿದ್ದರೂ ಹೆದರಿಕೆಯಾಯಿತು. ಮಗುವಿನ ಅಲುಗಾಟ ಇನ್ನೂ ಸರಿಯಾಗಿ ತಿಳಿಯದ ದಿನಗಳವು, ಒಳಗೆ ಎಲ್ಲ ಸರಿಯಿದೆಯೇ ಎಂದು ಕೈಯಿಟ್ಟು ನೋಡಿದರೂ ಏನೂ ಗೊತ್ತಾಗುವಂತಿರಲಿಲ್ಲ. ವೈದ್ಯೆ ಕೆಲಸ ನಿಲ್ಲಿಸಿ, ನಾನು ಉಸಿರು ತಿರುಗಿಸಿಕೊಳ್ಳುವವರೆಗೆ ಕಾದರು. ಆಮೇಲೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಬಿಗಿದು, ಹಳೆಯ ಸಿಮೆಂಟ್ ತೆಗೆದು, ತಿರುಳು ತೆಗೆದು, ಬೇರಿನ ಉದ್ದವನ್ನು ಮತ್ತೆ ಎಕ್ಸ್‌-ರೇ ಇಲ್ಲದೆ ಒಂದು ವಿದ್ಯುತ್ ಉಪಕರಣದಿಂದ ಅಳೆದು, ಔಷಧವಿಟ್ಟು ತಾತ್ಕಾಲಿಕ ಸಿಮೆಂಟ್ ಮುಚ್ಚಿದರು. ನಡುವೆ ಎದ್ದು ಮೂತ್ರಕ್ಕೆ ಹೋಗಿಬರಲು ಬಿಟ್ಟದ್ದು ದೊಡ್ಡ ಉಪಕಾರ. ಅಂದು ರಾತ್ರಿ, ವಾರಗಳ ನಂತರ, ನಿದ್ದೆ ಬಂತು.

ಎರಡನೆಯ ಭೇಟಿ ಹಾಸನಾಂಬೆಯ ದರ್ಶನದ ದಿನಗಳಲ್ಲಿ ಬಿತ್ತು. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ಬಾಗಿಲು ತೆರೆಯುವ ಗುಡಿಯಾದ್ದರಿಂದ ಆ ದಿನಗಳಲ್ಲಿ ಇಡೀ ರಾಜ್ಯವೇ ಹಾಸನಕ್ಕೆ ಇಳಿಯುತ್ತದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಬಾಡಿಗೆ ಕಾರಿಗೆ ರೂ. 1,800 ಕೊಡಬೇಕಾಯಿತು, ಬಸ್ ನಿಲ್ದಾಣದ ಸುತ್ತಲಿನ ರಸ್ತೆಗಳಿಗೆ ತಡೆ ಹಾಕಿದ್ದರಿಂದ ಕಾರೂ ಅರ್ಧ ದಾರಿಯಲ್ಲಿಯೇ ನಿಂತು, ಉಳಿದದ್ದನ್ನು ನಡೆದೆ. ಹಾಸನದಲ್ಲಿ ಹಲ್ಲಿನ ಚಿಕಿತ್ಸೆ ಇಟ್ಟುಕೊಳ್ಳುವವರು ತಾರೀಕು ಒಪ್ಪುವ ಮುನ್ನ ಪಂಚಾಂಗ ನೋಡಿಕೊಳ್ಳುವುದು ಒಳ್ಳೆಯದು. ಮುಂದಿನ ಭೇಟಿಯಲ್ಲಿ ಬೇರಿನ ನಾಳ ತುಂಬಿ, ಮೇಲೆ ಬಿಳಿಯ ಸಿಮೆಂಟ್ ಹಾಕಿ, ಕ್ಯಾಪನ್ನು ಹೆರಿಗೆಯ ನಂತರ ಹಾಕಿಸಿಕೊಳ್ಳಲು ಹೇಳಿದರು. ಬೆಳ್ಳಿ ಬಣ್ಣದ, ಪಾದರಸ ಬೆರೆತ ಹಳೆಯ ಬಗೆಯ ಸಿಮೆಂಟನ್ನು ಬಸುರಿಯರಿಗೂ ಹಾಲುಣಿಸುವವರಿಗೂ ಬಳಸುವುದನ್ನು ಬಿಡಬೇಕೆಂದು ಪಾದರಸದ ಕುರಿತ ಮಿನಮಾಟ ಅಂತಾರಾಷ್ಟ್ರೀಯ ಒಪ್ಪಂದದ ದೇಶಗಳು 2022ರಲ್ಲಿ ಒಪ್ಪಿಕೊಂಡಿವೆ, ಆದ್ದರಿಂದ ಏನು ತುಂಬುತ್ತಾರೆಂದು ಕೇಳಿ ತಿಳಿದುಕೊಳ್ಳಿ.

ಅಂದೇ ಹಲ್ಲುಗಳನ್ನೂ ಶುಚಿ ಮಾಡಿಸಿದೆ. ವಸಡಿನ ಸೋಂಕಿಗೂ ದಿನ ತುಂಬುವ ಮುನ್ನ ಆಗುವ ಹೆರಿಗೆಗೂ ನಂಟು ಕಂಡಿರುವ ಅಧ್ಯಯನಗಳಿವೆ ಎಂದು ಎಲ್ಲೋ ಓದಿ ಗಾಬರಿಯಾಗಿದ್ದೆ. ನಂಟು ಕಂಡಿರುವುದು ನಿಜ, ಆದರೆ ಬಸುರಿನಲ್ಲಿ ವಸಡಿನ ಚಿಕಿತ್ಸೆ ಮಾಡಿಸಿದ್ದರಿಂದ ಅವಧಿಪೂರ್ವ ಹೆರಿಗೆಗಳು ಕಡಿಮೆಯಾದದ್ದು 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಕಾಣಲಿಲ್ಲ. ಚಿಕಿತ್ಸೆಯಿಂದ ಹಾನಿಯೂ ಕಾಣಲಿಲ್ಲ ಎಂದು ವೈದ್ಯೆ ನೇರವಾಗಿ ಹೇಳಿದರು. ಹೆದರಿಸಿ ಶುಚಿ ಮಾಡಿಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರಿಂದ ಅವರ ಮೇಲೆ ನನಗೆ ನಂಬಿಕೆ ಹೆಚ್ಚಿತು.

ಇಷ್ಟಕ್ಕೆ ಮುಗಿಯಿತೆಂದುಕೊಂಡಿರುವಾಗ ಆರನೇ ತಿಂಗಳಿನಲ್ಲಿ ಮೇಲಿನ ಮುಂಭಾಗದ ಎರಡು ಹಲ್ಲುಗಳ ನಡುವೆ ವಸಡಿನಿಂದ ನೇರಳೆಗೆಂಪಿನ ಒಂದು ಗಂಟು ಮೂಡಿತು. ಬ್ರಷ್ ತಾಗಿದರೆ ರಕ್ತ ನಿಲ್ಲುತ್ತಿರಲಿಲ್ಲ. ನಮ್ಮ ಓರಗಿತ್ತಿ ನೋಡಿ ಏನೂ ಹೇಳದೆ ಎದ್ದುಹೋದರು. ಅವರ ಮನಸ್ಸಿಗೆ ಬಂದದ್ದೇ ನನ್ನ ಮನಸ್ಸಿಗೂ ಬಂದಿತ್ತು. ಅಡಿಕೆ ಜಗಿಯುವವರ ಬಾಯಿಯ ಕ್ಯಾನ್ಸರ್ ಕಂಡವರ ಮನೆ ನಮ್ಮದು. ದಂತವೈದ್ಯೆಗೆ ಮೊಬೈಲಿನಲ್ಲಿ ಚಿತ್ರ ಕಳಿಸಿದಾಗ ಹೆದರಬೇಡಿ, ಆದರೂ ಬಂದು ತೋರಿಸಿ ಎಂದರು. ಬಸುರಿನ ಹಾರ್ಮೋನಿಗೆ ಕೆಲವರಿಗೆ ಹೀಗೆ ವಸಡಿನ ಗಂಟು ಏಳುತ್ತದೆ, ಅದು ಕ್ಯಾನ್ಸರ್ ಅಲ್ಲ, ಹೆರಿಗೆಯ ನಂತರ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಊಟಕ್ಕೆ ಅಡ್ಡಿಯಾದರೆ ಮಾತ್ರ ಈಗ ತೆಗೆಯಬಹುದು, ಬಸುರಿನಲ್ಲಿಯೇ ತೆಗೆದರೆ ಮತ್ತೆ ಏಳುವ ಸಂಭವವೂ ಇರುತ್ತದೆ ಎಂದರು. ಹಾಗೆಯೇ ಬಿಟ್ಟೆವು. ಸೀಮಂತದ ದಿನ ಬಾಯಿ ಮುಚ್ಚಿಯೇ ನಕ್ಕೆ, ಫೋಟೋಗಳೆಲ್ಲ ಹಾಗೆಯೇ ಬಂದಿವೆ.

ಸೀಮಂತವಾದ ಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ನನ್ನ ತವರು ಚನ್ನರಾಯಪಟ್ಟಣ. ಈ ಒಂದು ಸಂಗತಿಯನ್ನು ಯಾವ ವೈದ್ಯರೂ ತಾವಾಗಿ ಕೇಳುವುದಿಲ್ಲ, ನಾವೇ ಹೇಳಬೇಕು. ಚಿಕಿತ್ಸೆ ಅರ್ಧದಲ್ಲಿರುವಾಗ ಊರು, ಆಸ್ಪತ್ರೆ, ವೈದ್ಯರು ಎಲ್ಲ ಬದಲಾದರೆ ಹೊಸಬರು ಮತ್ತೆ ಮೊದಲಿನಿಂದ ಕಾಗದ ಕೇಳುತ್ತಾರೆ. ಹಾಗಾಗಿ ಹೊರಡುವ ಮುನ್ನ ಯಾವ ಹಲ್ಲಿಗೆ ಏನು ಮಾಡಿದೆ, ಯಾವ ಔಷಧ ಎಷ್ಟು ದಿನ ಕೊಟ್ಟಿದೆ, ವಸಡಿನ ಗಂಟು ಏನು ಎಂಬುದನ್ನೆಲ್ಲ ದಂತವೈದ್ಯೆಯಿಂದ ಬರೆಸಿಕೊಂಡು ಎಕ್ಸ್‌-ರೇ ಪ್ರತಿಯೊಂದಿಗೆ ತಾಯಿ ಕಾರ್ಡಿನ ಕಡತದಲ್ಲಿಯೇ ಸೇರಿಸಿದೆ. ಹೆರಿಗೆ ಆಸ್ಪತ್ರೆಯಲ್ಲಿ ವಸಡಿನ ಗಂಟು ನೋಡಿ ದಾದಿಯೊಬ್ಬರು ಗಾಬರಿಯಾದಾಗ ಆ ಹಾಳೆ ಕೆಲಸಕ್ಕೆ ಬಂತು.

ಹೆರಿಗೆ ಸುಸೂತ್ರವಾಯಿತು. ಗಂಟು ಕೆಲವು ವಾರಗಳಲ್ಲಿ ಕುಗ್ಗಿ, ಈಗ ಕಡಲೆಕಾಳಿನಷ್ಟೂ ಇಲ್ಲ. ಉಳಿದಿದ್ದದ್ದು ಕ್ಯಾಪ್. ಬಾಣಂತಿ ಗಾಳಿಗೆ ಹೋಗಬಾರದು, ತಣ್ಣೀರು ಮುಟ್ಟಬಾರದು ಎಂದು ಅಮ್ಮ ಮೂರು ತಿಂಗಳು ಹೊರಗೆ ಬಿಡಲಿಲ್ಲ. ಹಲ್ಲುಜ್ಜಲು ಮಾತ್ರ ಬಿಸಿನೀರಿನ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತ್ತು. ಕೊನೆಗೆ ತಲೆಗೆ ಹತ್ತಿ ಬಟ್ಟೆ ಸುತ್ತಿಕೊಂಡು, ಮಗುವನ್ನೂ ಎತ್ತಿಕೊಂಡು, ಕಾರಿನಲ್ಲಿ ಹಾಸನಕ್ಕೆ ಹೋಗಿ ಅಳತೆ ಕೊಟ್ಟು ಬಂದು, ಮುಂದಿನ ವಾರ ಕ್ಯಾಪ್ ಹಾಕಿಸಿಕೊಂಡೆ. ಹಲ್ಲಿಗೆ ಕೊಡುವ ಲಿಗ್ನೊಕೇನ್ ಚುಚ್ಚುಮದ್ದಿನ ನಂತರ ಹಾಲು ಹಿಂಡಿ ಚೆಲ್ಲಬೇಕಾಗಿಲ್ಲ, ಹಾಲೂಡಿಸಬಹುದು ಎಂದು ವೈದ್ಯೆ ಹೇಳಿದ್ದರಿಂದ ಅಮ್ಮನಿಗೆ ಸಮಾಧಾನವಾಯಿತು.

ಹಣದ ಲೆಕ್ಕ ಹೀಗಿದೆ. ರೂಟ್ ಕೆನಾಲ್‌ಗೆ ರೂ. 4,500, ಲೋಹದ ಮೇಲೆ ಪಿಂಗಾಣಿ ಕೂರಿಸಿದ ಕ್ಯಾಪ್‌ಗೆ ರೂ. 4,000, ಶುಚಿ ಮಾಡಿದ್ದಕ್ಕೆ ರೂ. 1,000. ಎಕ್ಸ್‌-ರೇ, ಶುಲ್ಕಗಳು, ಔಷಧಗಳು ರೂ. 2,000ದೊಳಗೆ ಮುಗಿದವು. ಕಾರಿನ ಬಾಡಿಗೆಯೇ ಔಷಧಕ್ಕಿಂತ ಬಹಳ ಹೆಚ್ಚಾಗಿ, ಒಟ್ಟು ರೂ. 15,000 ದಾಟಿತು. ನಮ್ಮ ಸಂಘದ ಮೂಲಕ ಮಾಡಿಸಿದ್ದ ಆರೋಗ್ಯ ವಿಮೆಗೆ ರಸೀದಿಗಳನ್ನು ಕಳಿಸಿದೆ. ಆಸ್ಪತ್ರೆಗೆ ದಾಖಲಾಗದೆ ಮಾಡಿಸಿದ ಹಲ್ಲಿನ ಚಿಕಿತ್ಸೆ ಪಾಲಿಸಿಯಲ್ಲಿ ಬರುವುದಿಲ್ಲವೆಂದು ಉತ್ತರ ಬಂತು. ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಹಾಗೆಯೇ ಇತ್ತು ಕೂಡ. ಮಗು ಬೇಕೆಂದು ಯೋಚಿಸುತ್ತಿರುವವರು ಬಸುರಾಗುವ ಮುನ್ನವೇ ಒಮ್ಮೆ ಹಲ್ಲು ತೋರಿಸಿಕೊಂಡರೆ, ಅಂಚು ಬಿಟ್ಟ ಹಳೆಯ ಸಿಮೆಂಟನ್ನು ಸರಿಪಡಿಸುವ ಖರ್ಚು ಇದರ ಹತ್ತನೇ ಒಂದು ಪಾಲೂ ಆಗುವುದಿಲ್ಲ.

ಕ್ಯಾಪ್ ಹಾಕಿದ ದಿನ ವೈದ್ಯೆ ಮಗುವಿನ ಕಡೆ ತಿರುಗಿ ಅಮ್ಮನಿಗೆ ಕೆಲವು ಮಾತು ಹೇಳಿದರು. ಹುಳುಕು ತರುವ ಬ್ಯಾಕ್ಟೀರಿಯಾ ದೊಡ್ಡವರ ಎಂಜಲಿನಿಂದಲೇ ಮಗುವಿನ ಬಾಯಿ ಸೇರುವುದರಿಂದ, ಮುಂದೆ ಅನ್ನ ತಿನ್ನಿಸುವಾಗ ಬಾಯಲ್ಲಿಟ್ಟು ಬಿಸಿ ನೋಡಿದ ಚಮಚವನ್ನು ಮಗುವಿಗೆ ಕೊಡಬಾರದು, ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು, ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಹಲ್ಲಿನ ತಪಾಸಣೆಗೆ ಕರೆತರಬೇಕು. ಅಮ್ಮ ತಲೆಯಾಡಿಸಿದರು, ಜೇನುತುಪ್ಪದ ವಿಷಯದಲ್ಲಿ ಮಾತ್ರ ಮುಖ ಸಣ್ಣದಾಯಿತು. ನನ್ನ ಮುಂದಿನ ತಪಾಸಣೆಯ ತಾರೀಕನ್ನು ಮಗುವಿನ ಲಸಿಕೆ ಕಾರ್ಡಿನ ಹಿಂಬದಿಯಲ್ಲಿ ಬರೆಸಿಕೊಂಡಿದ್ದೇನೆ, ಏಕೆಂದರೆ ನಮ್ಮ ಮನೆಯಲ್ಲಿ ಈಗ ಯಾರೂ ಕಳೆಯದ ಕಾಗದ ಅದೊಂದೇ.